ಹಿತ್ತಲ ಕೋಣೆಗೆ ಒಂದು ರುಜು

ಹಿಂದೂಪುರ
೧೦–೧–೧೯೫೮
(ಈ ಕಾಗದ ಅಂಚೆಗೆ ಹೋಗಲಿಲ್ಲ)

ಕಲ್ಯಾಣದುರ್ಗದಲ್ಲಿರುವ ತಮ್ಮ ವೆಂಕಟೇಶಪ್ಪನಿಗೆ ಅಣ್ಣ ಓಬಳೇಶಪ್ಪನ ಆಶೀರ್ವಾದ. ಹೇಳುವವನು ನಾನು, ಬರೆಯುವವಳು ನನ್ನ ಮಗಳು ಸುವರ್ಣ. ಮಗ್ಗದ ಕುಣಿಯಲ್ಲಿ ಕೂತು ಲಾಳಿ ಎಸೆಯುತ್ತಲೇ ಹೇಳುತ್ತಿದ್ದೇನೆ. ಮಾತು ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೋ.

ಐದು ವರ್ಷದ ಮೇಲೆ ನಿನಗೆ ಬರೆಸುತ್ತಿದ್ದೇನೆ. ಸುಮ್ಮನೆ ಬರೆಸುತ್ತಿಲ್ಲ. ಸುವರ್ಣಳಿಗೆ ಮೈಯಲ್ಲಿ ಚೆನ್ನಾಗಿಲ್ಲ. ದೀಪಾವಳಿಯಿಂದ ಕೆಮ್ಮು, ಸಂಜೆಯಾದರೆ ಜ್ವರ. ಹೋದ ವಾರ ಕೆಮ್ಮಿದಾಗ ರಕ್ತ ಬಂತು. ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು ಕ್ಷಯ ಎಂದರು. ಡಾಕ್ಟರು ತೆಲುಗಿನವರು. "ಮಂದು ನೇನಿಸ್ತಾ, ಗಾಲಿ ನುವ್ವಿಯ್ಯಾಲಪ್ಪಾ" ಅಂದರು. ಔಷಧಿ ಅವರು ಕೊಡುತ್ತಾರಂತೆ, ಗಾಳಿ ನಾನು ಕೊಡಬೇಕಂತೆ. ನೂಲಿನ ಧೂಳಿನಲ್ಲಿ ಮಲಗಿಸಬೇಡ, ಚಿಕ್ಕ ಮಕ್ಕಳ ಹತ್ತಿರ ಮಲಗಿಸಬೇಡ, ಎರಡು ಕಿಟಕಿ ಇರುವ ಬೇರೆ ಕೋಣೆ ಮಾಡಿಕೊಡು ಎಂದು ಹೇಳಿದರು. ದೊಡ್ಡ ಆಸ್ಪತ್ರೆಯಲ್ಲಿ ಮಂಚ ಖಾಲಿಯಾಗಬೇಕಾದರೆ ಆರು ತಿಂಗಳಾದರೂ ಆಗುತ್ತದಂತೆ.

ನಮ್ಮ ಪಾಲಿಗೆ ಇರುವುದು ಮಗ್ಗದ ಪಡಸಾಲೆ ಒಂದು, ಅಡಿಗೆಮನೆ ಒಂದು. ಕಟ್ಟಿದರೆ ಹಿತ್ತಲಲ್ಲೇ ಕಟ್ಟಬೇಕು. ಹಿತ್ತಲಲ್ಲಿ ಕಟ್ಟಬೇಕಾದರೆ, ನಾವು ಪಾಲಾದಾಗ ಬರೆಸಿದ ಪಾರೀಕತ್ತಿನ ಪ್ರಕಾರ ನಿನ್ನ ರುಜು ಬೇಕು. ವೆಂಕಟೇಶ, ಈ ಒಂದು ವಿಷಯದಲ್ಲಿ

ಇಲ್ಲಿಗೆ ಅಮ್ಮ ಅಡಿಗೆಮನೆಯಿಂದ ಬಂದು ಹಾಳೆಯ ಮೇಲೆ ಕೈಯಿಟ್ಟಳು. "ನಿಮಗೇನು ಬುದ್ಧಿ ಐತಾ ಇಲ್ವಾ? ಕಲ್ಯಾಣದುರ್ಗಕ್ಕೆ ಇದನ್ನ ಬರಸ್ತೀರಾ? ನಿಮ್ಮ ತಮ್ಮನ ಹೆಂಡ್ತಿ ಬನಶಂಕರಿ ಅಣ್ಣನ ಮಗನಿಗೇ ತಾನೇ ಇವಳನ್ನ ಕೇಳಿರೋದು? ಈ ಕಾಯಿಲೆ ಹೆಸರು ಒಂದು ಸಲ ಹೊರಗೆ ಬಿತ್ತು ಅಂದ್ರೆ ಇವಳ ಕಥೆ ಹಂಗಿರ್ಲಿ, ನಾಳೆ ಇವಳ ತಂಗಿ ಸಣ್ಣಕ್ಕನಿಗೂ ಗಂಡು ಸಿಕ್ಕಾಕಿಲ್ಲ" ಅಂದಳು. ಲಾಳಿ ನಿಂತಿತು. ಅಪ್ಪ "ಹರಿದಾಕಮ್ಮ, ಬ್ಯಾರೆ ಬರಿ" ಅಂದರು. ಹರಿಯಲು ನನಗೆ ಮನಸ್ಸಾಗಲಿಲ್ಲ, ಮಡಿಸಿ ಇಟ್ಟುಕೊಂಡಿದ್ದೇನೆ.

ಸುವರ್ಣ


ಹಿಂದೂಪುರ
೧೦–೧–೧೯೫೮

ತಮ್ಮ ವೆಂಕಟೇಶಪ್ಪನಿಗೆ ಅಣ್ಣ ಓಬಳೇಶಪ್ಪನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ಬರೆಸಿದ ಕಾರಣ ಏನೆಂದರೆ, ಈ ಸಲದ ಮಳೆಗೆ ಪಡಸಾಲೆಯಲ್ಲಿಟ್ಟಿದ್ದ ರೇಷ್ಮೆ ನೂಲು ತೇವ ಹಿಡಿದು ಹಾಳಾಯಿತು. ನೂಲು ಇಡುವುದಕ್ಕೆ, ನಾಳೆ ಮನೆಯಲ್ಲಿ ಮದುವೆ ಅಂತಾದರೆ ನೆಂಟರು ಇಳಿದುಕೊಳ್ಳುವುದಕ್ಕೆ, ಹಿತ್ತಲಲ್ಲಿ ಹತ್ತಡಿ ಉದ್ದ ಎಂಟಡಿ ಅಗಲದ ಒಂದು ಕೋಣೆ ಎಬ್ಬಿಸಬೇಕೆಂದಿದ್ದೇನೆ. ಎರಡು ಕಿಟಕಿ ಇಡಿಸುತ್ತೇನೆ. ಪಾರೀಕತ್ತಿನ ಪ್ರಕಾರ ನಿನ್ನ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಬೇಗ ಕಳಿಸಿದರೆ ಬೇಸಿಗೆಗೆ ಮೊದಲೇ ಗೋಡೆ ಏಳುತ್ತದೆ.

ನಿನ್ನ ಅಣ್ಣ
ಓಬಳೇಶಪ್ಪ

ಚಿಕ್ಕಪ್ಪಾ, ಅಪ್ಪ ಹೇಳಿದ್ದು ಮುಗಿಯಿತು, ಇನ್ನು ನನ್ನದು. ನೀನೂ ಅಪ್ಪನೂ ಮಾತು ಬಿಟ್ಟಿರಲ್ಲ, ಬಿಡುವಾಗ ನನ್ನನ್ನು ಕೇಳಿದಿರಾ? ಹೋದ ವರ್ಷ ಪರಿಗಿಯ ಮದುವೆಯಲ್ಲಿ ಚಿಕ್ಕಮ್ಮ ಸಿಕ್ಕದೆ ಇದ್ದಿದ್ದರೆ ನಿನಗೆ ತಲೆ ನರೆತಿರುವುದು ಕೂಡ ನಮಗೆ ಗೊತ್ತಾಗುತ್ತಿರಲಿಲ್ಲ. ಬೇಗ ರುಜು ಹಾಕು. ಚಿಕ್ಕಮ್ಮನ ಅಣ್ಣ ಶ್ರೀರಾಮಪ್ಪನವರ ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು. ಎಲ್ಲರನ್ನೂ ಅಂದರೆ ಯಾರನ್ನು ಅಂತ ಚಿಕ್ಕಮ್ಮನಿಗೆ ಗೊತ್ತು.

ಸುವರ್ಣ


ಕಲ್ಯಾಣದುರ್ಗ
೨೪–೧–೧೯೫೮

ಅಣ್ಣನಿಗೆ ನಮಸ್ಕಾರ.

ಐದು ವರ್ಷದ ಮೇಲೆ ನಿನ್ನ ಕಾಗದ ಬಂತೆಂದು ಬನಶಂಕರಿ ಅದನ್ನು ದೇವರ ಮುಂದಿಟ್ಟು ಕೈಮುಗಿದು ಆಮೇಲೆ ಒಡೆಸಿದಳು. ಒಡೆದು ನೋಡಿದರೆ ಒಳಗಿದ್ದದ್ದು ನೂಲು ಇಡುವ ಕೋಣೆ.

ಪಾರೀಕತ್ತಿನ ನಕಲು ನನ್ನ ಹತ್ತಿರವೂ ಇದೆ. "ಉಭಯತ್ರರೂ ಹಿತ್ತಲಿನಲ್ಲಿ ಗೋಡೆ, ಕೋಣೆ, ಚಪ್ಪರ ಯಾವುದನ್ನೂ ಹೊಸದಾಗಿ ಕಟ್ಟಕೂಡದು, ಇದ್ದ ಗೋಡೆ ಮಾಳಿಗೆಗಳನ್ನು ಎತ್ತರಿಸಕೂಡದು, ಹೊಸ ಬಾಗಿಲು ಕಿಟಕಿ ಹೊಡೆಯಕೂಡದು, ಒಬ್ಬರ ಮಗ್ಗದ ಬೆಳಕಿಗೆ ಇನ್ನೊಬ್ಬರು ಅಡ್ಡಿ ಮಾಡಕೂಡದು. ಲಿಖಿತ ಒಪ್ಪಿಗೆ ಇಲ್ಲದೆ ಕಟ್ಟಿದ್ದನ್ನು ಕೆಡವಿಸಲು ಇನ್ನೊಬ್ಬರಿಗೆ ಹಕ್ಕುಂಟು. ಮಕ್ಕಳು ಮೊಮ್ಮಕ್ಕಳೂ ಇದಕ್ಕೆ ಬದ್ಧರು." ಇದು ನನಗೆ ನೋಡದೆ ಬರುತ್ತದೆ. ಬಾಯಿಪಾಠ ಮಾಡಿಸಿದವನು ನೀನೇ.

ನೀನು ಮರೆತಿದ್ದರೆ ನಾನು ನೆನಪು ಮಾಡುತ್ತೇನೆ. ಬನಶಂಕರಿಗೆ ಎಂಟು ತಿಂಗಳು ತುಂಬಿತ್ತು. ಅವಳಿಗೆ ತಾಯಿಯಿಲ್ಲ, ತೌರಲ್ಲಿ ಬಾಣಂತನ ಮಾಡುವವರಿಲ್ಲ. ನಿನ್ನ ಮಗ್ಗ, ನನ್ನ ಮಗ್ಗ, ಬಂದು ಹೋಗುವ ವ್ಯಾಪಾರಿಗಳು, ಇದರ ನಡುವೆ ಹೆರಿಗೆ ಆಗುವುದು ಹೇಗೆಂದು ಹಿತ್ತಲಲ್ಲಿ ಒಂದು ಸೋಗೆಯ ಕೋಣೆ ಹಾಕುತ್ತೇನೆ ಅಂದೆ. ಮೂರು ತಿಂಗಳ ಮಾತು, ಆಮೇಲೆ ಕಿತ್ತುಹಾಕುತ್ತೇನೆ ಅಂತಲೂ ಅಂದೆ. ನೀನು ಪೆಟ್ಟಿಗೆಯಿಂದ ಈ ಕಾಗದ ತೆಗೆದೆ. ನಿಂತುಕೊಂಡು ಮೊದಲಿಂದ ಕೊನೆಯವರೆಗೆ ಓದಿದೆ. "ಮದುವೆ ಸೀರೆ ಮಗ್ಗದ ಮೇಲೈತೆ ಕಣ್ಲಾ, ಬೆಳಕು ಹೋದ್ರೆ ಅಂಚು ಕೆಡ್ತದೆ" ಅಂದೆ. ಅವತ್ತೇ ಸಿಟ್ಟಿನಲ್ಲಿ ನಾನು ಅವಳನ್ನು ಕಲ್ಯಾಣದುರ್ಗದ ಬಸ್ಸು ಹತ್ತಿಸಿದೆ. ಪೆನುಕೊಂಡ ದಾಟುವುದರೊಳಗೆ ನೋವು ಬಂತು. ಬಸ್‌ಸ್ಟ್ಯಾಂಡಿನ ಹಿಂದಿದ್ದ ಛತ್ರದಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಒಂದು ದಿನ ಇತ್ತು. ನಿನಗೆ ಸುದ್ದಿ ಮುಟ್ಟಿಸಿದೆ, ನೀನು ಬರಲಿಲ್ಲ.

ನನ್ನ ಹೆಂಡತಿಯ ಹೆರಿಗೆಗೆ ಆಗದ ಕೋಣೆ ನಿನ್ನ ನೂಲಿಗೆ ಹೇಗಾಗುತ್ತದೆ ಅಣ್ಣ? ನನ್ನ ಪಾಲಿನಲ್ಲಿ ಬಾಡಿಗೆಗಿರುವ ಅಶ್ವತ್ಥಪ್ಪನೂ ನೇಯುವವನೇ. ಅವನಿಗೂ ಬೆಳಕು ಬೇಕು. ನಾನು ರುಜು ಹಾಕುವುದಿಲ್ಲ.

ವೆಂಕಟೇಶಪ್ಪ

ಸುವರ್ಣಾ, ಈ ಸಿಟ್ಟು ನಿನ್ನ ಮೇಲಲ್ಲ ಕಣಮ್ಮ. ನಿನ್ನ ಚಿಕ್ಕಮ್ಮ ಕೇಳುತ್ತಿದ್ದಾಳೆ, ಮುತ್ತಿನಂಗೆ ಬರೀತಿದ್ದ ಹುಡುಗಿಯ ಅಕ್ಷರ ಯಾಕೆ ಹಿಂಗೆ ಓಲಾಡ್ತವೆ ಅಂತ. ಗಂಡಿನ ಯೋಚನೆ ಹೆಚ್ಚಾಯಿತೇನೋ ಅಂದೆ, ನನಗೇ ಬೈದಳು.


ಹಿಂದೂಪುರ
೯–೨–೧೯೫೮

ತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ಓದಿಸಿಕೊಂಡೆ. ಆಗಿನದು ಆಗ ಆಯಿತು. ಅದನ್ನು ತೆಗೆದು ಫಲವಿಲ್ಲ.

ಬೆಳಕಿನ ಮಾತು ಎತ್ತಿದ್ದೀಯ. ಮೊನ್ನೆ ಅಶ್ವತ್ಥಪ್ಪನನ್ನೇ ಹಿತ್ತಲಿಗೆ ಕರೆದು, ಗೋಡೆ ಬರುವ ಜಾಗದಲ್ಲಿ ಬಿದಿರ ಗಳು ನೆಟ್ಟು, ಅದಕ್ಕೆ ಕಂಬಳಿ ಕಟ್ಟಿ, ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ನೆರಳು ನೋಡಿದೆವು. ಏಳಡಿ ಎತ್ತರಕ್ಕೆ ಕಟ್ಟಿದರೆ ಅವನ ಮಗ್ಗದ ಕಿಟಕಿಗೆ ನೆರಳು ತಾಕುವುದಿಲ್ಲ. "ನನಗೇನು ತೊಂದರೆ ಇಲ್ಲ ಕಣಣ್ಣ, ಬೇಕಾದ್ರೆ ನಾನೇ ಕಾಗದ ಬರ್ಕೊಡ್ತೀನಿ" ಅಂದ. ಆದರೆ ಅವನ ಕಾಗದ ನಡೆಯುವುದಿಲ್ಲ, ನಿನ್ನದೇ ಬೇಕು. ಕದ್ದು ಕಟ್ಟಬಹುದಲ್ಲ ಎಂದು ನಿನ್ನ ಅತ್ತಿಗೆ ಪದ್ಮಾವತಿ ಹೇಳುತ್ತಾಳೆ. ನಿನ್ನ ಮುಂದೆ ಓದಿದ ಕಾಗದವನ್ನು ನಾನೇ ಮೀರಿದರೆ ನನಗೆ ಮುಖ ಇರುವುದಿಲ್ಲ.

ಕೋಣೆ ಬೇಕೇಬೇಕು. ಇದಕ್ಕಿಂತ ಹೆಚ್ಚು ಕೇಳಬೇಡ, ಹೇಳಲಾರೆ.

ಓಬಳೇಶಪ್ಪ


ಕಲ್ಯಾಣದುರ್ಗ
೨೦–೨–೧೯೫೮

ಅಣ್ಣನಿಗೆ,

ಆಗಿನದು ಆಗ ಆಯಿತು ಅಂದೆ. ಒಂದು ಮಗು ಹೋದದ್ದಕ್ಕೆ ನಿನ್ನ ಬಾಯಲ್ಲಿ ಬಂದದ್ದು ಇಷ್ಟೇ. ಹಾಗಾದರೆ ಈಗಿನದೂ ಈಗ ಆಗಲಿ. ಇನ್ನು ಈ ವಿಷಯಕ್ಕೆ ಕಾಗದ ಹಾಕಬೇಡ.

ವೆಂಕಟೇಶಪ್ಪ


ಹಿಂದೂಪುರ
೧೪–೩–೧೯೫೮

ಚಿಕ್ಕಪ್ಪಾ,

ಇದು ನನ್ನ ಸ್ವಂತ ಕಾಗದ. ಅಪ್ಪ ಸೀರೆ ಕೊಟ್ಟುಬರಲು ಪೇಟೆಗೆ ಹೋಗಿದ್ದಾರೆ, ಅಮ್ಮ ಬಾವಿಯ ಹತ್ತಿರ ಇದ್ದಾಳೆ. ಪಕ್ಕದ ಮನೆಯ ಪೆದ್ದಕ್ಕ ಅಂಚೆಗೆ ಹಾಕುತ್ತೇನೆ ಅಂದಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ಇವತ್ತಿನ ಮಟ್ಟಿಗೆ ಅದು ದೊಡ್ಡ ಗುಣ.

ನೂಲು ಇಡುವುದಕ್ಕೆ ಅಂತ ಬರೆದದ್ದು ಸುಳ್ಳು. ಕೋಣೆ ಬೇಕಾಗಿರುವುದು ನನಗೆ. ನನಗೆ ಕ್ಷಯ.

ನೋಡು, ಬರೆದೇಬಿಟ್ಟೆ. ಎರಡು ತಿಂಗಳಿಂದ ಈ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ಅಮ್ಮ ಕೇಳಿದವರಿಗೆಲ್ಲ ನೆಗಡಿ ಅನ್ನುತ್ತಾಳೆ. ನೆಗಡಿಗೆ ದಿನಾ ಸೂಜಿ ಚುಚ್ಚಿಸಿಕೊಳ್ಳುವವಳು ಇಡೀ ಹಿಂದೂಪುರದಲ್ಲಿ ನಾನೊಬ್ಬಳೇ ಇರಬೇಕು. ಜಗುಲಿಯಲ್ಲಿ ಮಲಗಿದರೆ ಬೀದಿಯವರು ನೋಡುತ್ತಾರೆ, ಹಿತ್ತಲಲ್ಲಿ ಮಲಗಿದರೆ ಇಬ್ಬನಿಗೆ ಕೆಮ್ಮು ಹೆಚ್ಚುತ್ತದೆ. ಅದಕ್ಕೇ ಮಗ್ಗದ ಪಕ್ಕದಲ್ಲೇ ನನ್ನ ಚಾಪೆ. ಅಪ್ಪ ನೇಯುತ್ತಿರುತ್ತಾರೆ, ಧೂಳು ಎದ್ದು ನನಗೆ ಕೆಮ್ಮು ಬರುತ್ತದೆ, ಅಪ್ಪ ಕೈ ನಿಲ್ಲಿಸುತ್ತಾರೆ. ನನ್ನ ಕೆಮ್ಮು ನಿಂತ ಮೇಲೆ ಮತ್ತೆ ಶುರು. ಹತ್ತು ದಿನದ ಸೀರೆ ಈಗ ಇಪ್ಪತ್ತು ದಿನ ಹಿಡಿಯುತ್ತಿದೆ. ಯಾಕೆ ತಡ ಎಂದು ವ್ಯಾಪಾರಿ ಕೇಳಿದರೆ "ಕಣ್ಣು ಮಂಜಾಗವೆ ಸೋಮಿ" ಅನ್ನುತ್ತಾರೆ. ಅಪ್ಪನ ಕಣ್ಣು ಸರಿಯಾಗಿವೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಸಣ್ಣಕ್ಕ ಇದ್ದಾಳಲ್ಲ, ನೀನು ಬಿಟ್ಟುಹೋದಾಗ ತೊಟ್ಟಿಲಲ್ಲಿದ್ದವಳು, ಈಗ ಆರು ವರ್ಷ. ನನ್ನ ಸೆರಗು ಹಿಡಿಯದೆ ಅವಳಿಗೆ ನಿದ್ದೆ ಬರುವುದಿಲ್ಲ. ಅಡಿಗೆಮನೆಯಲ್ಲಿ ಮಲಗಿಸಿದರೂ ಬೆಳಗ್ಗೆ ನೋಡಿದರೆ ನನ್ನ ಚಾಪೆಯಲ್ಲಿರುತ್ತಾಳೆ. ನಾನು ಗೋಡೆಯ ಕಡೆ ತಿರುಗಿ ಉಸಿರು ಬಿಡುತ್ತೇನೆ. ಮೊನ್ನೆ ಅವಳು ಕೆಮ್ಮಿದಳು. ಪುರಿ ಗಂಟಲಿಗೆ ಸಿಕ್ಕಿಕೊಂಡಿತ್ತು, ಬೇರೆ ಏನಿಲ್ಲ. ಆದರೆ ನನ್ನ ಜೀವ ಹೋಗಿ ಬಂತು ಚಿಕ್ಕಪ್ಪಾ. ಅವತ್ತೇ ನಿನಗೆ ಬರೆಯಬೇಕು ಅಂದುಕೊಂಡೆ.

ನಿನ್ನ ಮಗುವಿನ ವಿಷಯದಲ್ಲಿ ಅಪ್ಪ ಮಾಡಿದ್ದು ತಪ್ಪು. ನನಗೆ ಆಗ ಹದಿಮೂರು ವರ್ಷ, ಕಾಗದ ಓದುವಾಗ ಕಂಬ ಹಿಡಿದು ನಿಂತಿದ್ದೆ. ಚಿಕ್ಕಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅಪ್ಪ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವವರಲ್ಲ. ಆದರೆ ಆ ವರ್ಷದಿಂದ ಅವರು ಪೆನುಕೊಂಡದ ಕಡೆಗೆ ಹೋಗುವ ಬಸ್ಸು ಹತ್ತಿಲ್ಲ. ಅಲ್ಲಿ ನೆಂಟರ ಮದುವೆಯಾದರೆ ಅಮ್ಮನನ್ನೇ ಕಳಿಸುತ್ತಾರೆ. ಅದರ ಹತ್ತಿರದ ರೊದ್ದಂಗೆ ಹೋಗಬೇಕಾಗಿ ಬಂದರೂ ಸುತ್ತಿ ಹೋಗುತ್ತಾರೆ. ಇದನ್ನು ಯಾರೂ ನಿನಗೆ ಹೇಳಿರಲಾರರು.

ಇನ್ನು ಶ್ರೀರಾಮಪ್ಪನವರ ಮನೆಯ ಸಂಬಂಧ. ಪರಿಗಿಯ ಮದುವೆಯಲ್ಲಿ ಅವರ ಮಗ ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದರು. ನನ್ನ ಲೋಟ ತುಂಬಿದ್ದರೂ ಮೂರು ಸಲ ಬಂದರು. ಮೂರನೇ ಸಲ ನಾನು ನಕ್ಕುಬಿಟ್ಟೆ. ಅಷ್ಟೇ ನಮ್ಮ ಕಥೆ. ಅಷ್ಟಕ್ಕೇ ನಾನು ಎರಡು ತಿಂಗಳು ಅಪ್ಪನ ಜೊತೆ ಸೇರಿ ನಿನಗೆ ಸುಳ್ಳು ಬರೆದೆ. ಇನ್ನು ಬೇಡ. ಜಾತಕ ಕೂಡಲಿಲ್ಲ ಅಂತಲೋ ಏನೋ ಒಂದು ನೆಪ ಹೇಳಿ ಬೇರೆ ಕಡೆ ಹೆಣ್ಣು ನೋಡಲು ಹೇಳು. ನನಗೇನೂ ಬೇಜಾರಿಲ್ಲ ಅಂತ ಬರೆದರೆ ಅದೂ ಸುಳ್ಳೇ ಆಗುತ್ತದೆ. ಬೇಜಾರಿದೆ.

ನಿನ್ನನ್ನು ಕೇಳುವುದು ಎರಡೇ. ಕಾಯಿಲೆಯ ಹೆಸರು ಹೊರಗೆ ಬರಬಾರದು, ಸಣ್ಣಕ್ಕನ ಬಾಳಿದೆ. ನಾನು ಬರೆದೆನೆಂದು ಅಪ್ಪನಿಗೆ ತಿಳಿಯಬಾರದು, ಅವರು ನನ್ನನ್ನು ನಂಬಿದ್ದಾರೆ. "ಸಿಟ್ಟಿಳೀತು, ಕಟ್ಟಿಕೋ" ಅಂತ ಎರಡು ಸಾಲು ಬರೆದು ರುಜು ಹಾಕು. ನಾನೇ ಅಪ್ಪನಿಗೆ ಓದಿ ಹೇಳುತ್ತೇನೆ, ಆಗ ಮುಖದಲ್ಲಿ ಏನೂ ತೋರಿಸಿಕೊಳ್ಳುವುದಿಲ್ಲ. ಅಷ್ಟು ನಾಟಕ ನನಗೆ ಬರುತ್ತದೆ.

ಚಿಕ್ಕಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಬೇಗ ಚಿಕ್ಕಪ್ಪಾ.

ನಿನ್ನ
ಸುವರ್ಣ


ಕಲ್ಯಾಣದುರ್ಗ
೨೪–೩–೧೯೫೮
(ರಿಜಿಸ್ಟರ್ ಅಂಚೆ)

ಅಣ್ಣನಿಗೆ ನಮಸ್ಕಾರ. ಒಪ್ಪಿಗೆ ಪತ್ರ ಇದರ ಜೊತೆಗಿದೆ. ಒಂದು ದಿನವೂ ತಡ ಮಾಡದೆ ಕಟ್ಟಿಸು. ಗಾಳಿ ಚೆನ್ನಾಗಿ ಬರಲಿ, ಎರಡಲ್ಲ ಮೂರು ಕಿಟಕಿ ಇಡಿಸು. ಸುವರ್ಣಳಿಗೆ ನನ್ನ ಆಶೀರ್ವಾದ ಹೇಳು. ಬನಶಂಕರಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ವೆಂಕಟೇಶಪ್ಪ

ಒಪ್ಪಿಗೆ ಪತ್ರ

ಹಿಂದೂಪುರದಲ್ಲಿರುವ ನನ್ನ ಅಣ್ಣ ಓಬಳೇಶಪ್ಪನವರಿಗೆ ಕಲ್ಯಾಣದುರ್ಗದ ವಾಸಿ ವೆಂಕಟೇಶಪ್ಪನಾದ ನಾನು ಬರೆಸಿಕೊಟ್ಟ ಒಪ್ಪಿಗೆ ಪತ್ರದ ಕ್ರಮವೇನೆಂದರೆ: ಸದರಿಯವರ ಮಗಳಾದ ಸುವರ್ಣಮ್ಮನಿಗೆ ಕ್ಷಯರೋಗ ಪ್ರಾಪ್ತವಾಗಿ ಆಕೆಯನ್ನು ಪ್ರತ್ಯೇಕವಾಗಿ ಇರಿಸಬೇಕಾದ ನಿಮಿತ್ತ ಮಾತ್ರ, ಹಿತ್ತಲಿನಲ್ಲಿ ಹತ್ತಡಿ ಉದ್ದ ಎಂಟಡಿ ಅಗಲದ ಕೋಣೆ ಒಂದನ್ನು ಕಟ್ಟಿಕೊಳ್ಳಲು ಒಪ್ಪಿರುತ್ತೇನೆ. ಈ ನಿಮಿತ್ತ ತೀರಿದ ನಂತರ ಪಾರೀಕತ್ತಿನ ಷರತ್ತು ಎಂದಿನಂತೆ ಊರ್ಜಿತದಲ್ಲಿರತಕ್ಕದ್ದು. ಸಾಕ್ಷಿಗಳ ಸಮಕ್ಷಮ ಓದಿಸಿ ಕೇಳಿ ಒಪ್ಪಿ ರುಜು ಮಾಡಿರುತ್ತೇನೆ.


ಹಿಂದೂಪುರ
೩೦–೪–೧೯೫೮

ತಮ್ಮ ವೆಂಕಟೇಶಪ್ಪನಿಗೆ,

ನಿಮಿತ್ತ ತೀರಿತು.

ಇದನ್ನು ನಾನೇ ಬರೆಯುತ್ತಿದ್ದೇನೆ. ಬರೆದು ಎಷ್ಟೋ ವರ್ಷವಾಯಿತು, ಅಕ್ಷರ ಸರಿಯಿಲ್ಲ. ಏಪ್ರಿಲ್ ಹದಿನೇಳನೇ ತಾರೀಖು ಗುರುವಾರ ಬೆಳಗ್ಗೆ, ಪದ್ಮಾವತಿ ಹಾಲು ಕಾಯಿಸುತ್ತಿದ್ದ ಹೊತ್ತಿಗೆ, ಸುವರ್ಣ ಹೋದಳು. ಒಂದೇ ಸಮ ರಕ್ತ ಬಂತು. ಡಾಕ್ಟರನ್ನು ಕರೆಯಲು ಅಶ್ವತ್ಥಪ್ಪ ಓಡಿದ, ಅವನು ಬೀದಿಯ ತುದಿ ಮುಟ್ಟುವುದರೊಳಗೆ ಮುಗಿದಿತ್ತು. ನಿನಗೆ ಆಗಲೇ ತಂತಿ ಕೊಡಬೇಕಾಗಿತ್ತು. ಅಂಚೆ ಆಫೀಸಿನ ತನಕ ಹೋದೆ, ಏನು ಬರೆಸಬೇಕೆಂದು ತಿಳಿಯದೆ ವಾಪಸು ಬಂದೆ.

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಇದನ್ನು ಪದ್ಮಾವತಿಗೆ ಹೇಳುವುದಕ್ಕಾಗುವುದಿಲ್ಲ, ಬೇರೆ ಯಾರೂ ನನಗಿಲ್ಲ.

ನಿನ್ನ ರಿಜಿಸ್ಟರ್ ಕಾಗದವನ್ನು ಅವಳೇ ಒಡೆದಳು. ಅವಳೇ ಓದಲು ಶುರು ಮಾಡಿದಳು. ಕಾಯಿಲೆಯ ಹೆಸರು ಬಂದಲ್ಲಿ ಓದು ನಿಂತಿತು. "ಯಾಕಮ್ಮ ನಿಲ್ಲಿಸ್ದೆ, ಓದು" ಅಂದೆ. ಓದಿದಳು. ಪೂರ್ತಿ ಓದಿದಳು. ನಾನು ಕುಣಿಯಿಂದ ಎದ್ದು ಬಂದು, ಇದು ನಿನಗೆ ಗೊತ್ತಾದದ್ದು ಹೇಗೆಂದು ಅವಳನ್ನು ಕೇಳಿದೆ. "ನಾನೇ ಬರೆದೆ ಅಪ್ಪ" ಅಂದಳು. ನಾಲ್ಕು ದಿನಕ್ಕೆ ಶ್ರೀರಾಮಪ್ಪನ ಕಾಗದವೂ ಬಂತು, ಕಾಯಿಲೆಯ ಮನೆಯ ಹೆಣ್ಣು ಬೇಡ ಅಂತ. ನಿನ್ನ ಪತ್ರ ಓದುವಾಗ ಸಾಕ್ಷಿಗೆ ಕೂತಿದ್ದವರಿಂದ ಊರಿಗೆಲ್ಲ ತಿಳಿಯಿತಂತೆ. ಅವತ್ತು ನಾನು ಅವಳಿಗೆ ಅಂದೆ: "ನಿನ್ನ ಬಾಳು ನೀನೇ ಹಾಳ್ಮಾಡ್ಕೊಂಡೆ. ಆ ಚಿಕ್ಕ ಹುಡುಗೀದೂ ಹಾಳ್ಮಾಡ್ಬುಟ್ಟೆ. ನನ್ ಮುಂದೆ ಬರಬ್ಯಾಡ."

ಅಂದದ್ದು ಇಷ್ಟು. ಆಮೇಲೆ ಅವಳ ಜೊತೆ ಮಾತಾಡಲಿಲ್ಲ. ಹದಿನಾರು ದಿನ. ಮೇಸ್ತ್ರಿ ಆಂಜಿನಪ್ಪನನ್ನು ಕರೆಸಿದೆ, ಪಾಯ ತೋಡಿಸಿದೆ, ಮಗ್ಗ ಬಿಟ್ಟು ನಾನೇ ಇಟ್ಟಿಗೆ ಹೊತ್ತೆ, ಮಣ್ಣು ಕಲಸಿದೆ. ಅವಳು ಹಿತ್ತಲ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಒಂದು ಸಲ "ಅಪ್ಪಾ, ಕಿಟಕಿ ಸ್ವಲ್ಪ ಕೆಳಗಿಡ್ಸಪ್ಪ, ಮಲಗಿದ್ರೂ ಆಚೆ ಕಾಣ್ಬೇಕು" ಅಂದಳು. ಆಂಜಿನಪ್ಪನಿಗೆ ಹೇಳಿ ಕೆಳಗಿಡಿಸಿದೆ. ಕೋಣೆ ಮುಗಿಯಲಿ, ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋಗುವಾಗ ಮಾತಾಡಿದರಾಯಿತು ಅಂದುಕೊಂಡಿದ್ದೆ. ಮಾಡು ಹಾಕಲು ಇನ್ನೊಂದು ವಾರವಿತ್ತು.

ವೆಂಕಟೇಶ, ನಿನ್ನ ಮಗು ಹೋದಾಗ ನಾನು ಪೆನುಕೊಂಡಕ್ಕೆ ಬರಲಿಲ್ಲ. ಹೊರಟಿದ್ದೆ. ಬಸ್ಸಿನ ಹತ್ತಿರ ನಿಂತು, ಏನು ಮುಖ ಇಟ್ಟುಕೊಂಡು ಹೋಗಲಿ ಎಂದು ತಿರುಗಿ ಬಂದೆ. ತಪ್ಪು ನನ್ನದು. ಆ ಮದುವೆ ಸೀರೆ ಮಗ್ಗದ ಮೇಲೆ ಇನ್ನು ಎರಡು ದಿನ ತಡವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಐದು ವರ್ಷ ಈ ಮಾತು ಬಾಯಲ್ಲೇ ಇಟ್ಟುಕೊಂಡಿದ್ದೆ. ಬನಶಂಕರಿಗೂ ಓದಿ ಹೇಳು.

ಗೋಡೆ ಕಿಟಕಿಯ ಮೇಲಕ್ಕೆ ಬಂದು ನಿಂತಿದೆ. ನಿನ್ನ ಪತ್ರದ ಪ್ರಕಾರ ಇನ್ನು ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಆಂಜಿನಪ್ಪ ದಿನಾ ಬಂದು "ಏನ್ಮಾಡಾನಣ್ಣ, ಕಟ್ಟಾನೋ ಕೆಡವಾನೋ" ಅಂತ ಕೇಳಿ ಹೋಗುತ್ತಾನೆ. ನಾನು ಏನು ಹೇಳಲಿ?

ಸಣ್ಣಕ್ಕನ ಎದೆಗೂ ಫೋಟೋ ತೆಗೆಸಿದೆ. ಅವಳಿಗೆ ಏನೂ ಇಲ್ಲವಂತೆ.

ನಿನ್ನ ಅಣ್ಣ
ಓಬಳೇಶಪ್ಪ


ಕಲ್ಯಾಣದುರ್ಗ
೮–೫–೧೯೫೮

ಅಣ್ಣಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ದಿನಾ ಬರೆಯಲು ಕೂರುತ್ತೇನೆ, ಎದ್ದುಬಿಡುತ್ತೇನೆ.

ನೀನು ಹೇಳಿಕೊಂಡೆ, ನನ್ನದೂ ಕೇಳು. ಸುವರ್ಣ ನನ್ನನ್ನು ಎರಡೇ ಕೇಳಿದ್ದಳು. ಕಾಯಿಲೆಯ ಹೆಸರು ಹೊರಗೆ ಹೋಗಬಾರದು, ತಾನು ಬರೆದದ್ದು ಅಪ್ಪನಿಗೆ ತಿಳಿಯಬಾರದು. ಎರಡು ಸಾಲು ಬರೆದು ರುಜು ಹಾಕು ಚಿಕ್ಕಪ್ಪಾ ಅಂದಿದ್ದಳು. ನಾನು ಹಾಗೇ ಮಾಡಬೇಕೆಂದೇ ಹೊರಟೆ. ಆಮೇಲೆ, ಪತ್ರ ಸರಿಯಾಗಿರಲಿ ಎಂದು ದಸ್ತಾವೇಜು ಬರೆಯುವ ರೈಟರ ಹತ್ತಿರ ಹೋದೆ. "ಯಾಕ್ ಒಪ್ಗೆ ಕೊಡ್ತಿದ್ದೀರಾ?" ಅಂತ ಕೇಳಿದ. ಸುಮ್ಮನೆ ಅಂದೆ. "ಸುಮ್ನೆ ಅಂತ ಕೊಟ್ರೆ ನಿಮ್ ಷರತ್ತೇ ಬಿದ್ದೋಯ್ತದೆ ಸ್ವಾಮಿ. ಇವತ್ತು ಒಂದು ಕೋಣೆ ಕಟ್ತಾರೆ, ನಾಳೆ ಹಿತ್ತಲೆಲ್ಲ ಕಟ್ತಾರೆ. ಕಾರಣ ಬರೆಸಿ, ಆ ಕಾರಣಕ್ಕೆ ಮಾತ್ರ ಅಂತ ಕೊಡಿ, ನಿಮ್ಮ ಹಕ್ಕು ಉಳೀತದೆ" ಅಂದ.

ಬಿದ್ದುಹೋಗಲಿ ಬಿಡಯ್ಯ ಅನ್ನಬೇಕಾಗಿತ್ತು. ಅವಳ ಮಾತು ನನಗೆ ನೆನಪಿತ್ತು ಅಣ್ಣ, ಮರೆತು ಮಾಡಿದ್ದಲ್ಲ. ಅವಳ ಕಾಗದ ಜೇಬಿನಲ್ಲೇ ಇತ್ತು. ಐದು ವರ್ಷ ಆ ಷರತ್ತನ್ನು ಹಿಡಿದುಕೊಂಡು ಕೂತಿದ್ದೆನಲ್ಲ, ಬಿಡಲು ಕೈ ಬರಲಿಲ್ಲ. ಹೇಳಿದೆ. ಅವನು ಬರೆದ. ಇಬ್ಬರು ಸಾಕ್ಷಿಗಳ ಮುಂದೆ ಗಟ್ಟಿಯಾಗಿ ಓದಿದ. ದೀಪ ಹಚ್ಚುವುದರೊಳಗೆ ಶ್ರೀರಾಮಪ್ಪನ ಮನೆಯಲ್ಲಿ ಸುದ್ದಿಯಿತ್ತು. ಮೊದಲನೇ ಕಾಗದ ಬಂದಾಗಲೇ ಬನಶಂಕರಿ "ಆ ಹುಡುಗಿಗೆ ಏನೋ ಆಗೈತೆ ಕಣ್ರೀ, ರುಜು ಹಾಕ್ರಿ" ಅಂದಿದ್ದಳು. ಅವಳ ಮಾತನ್ನೂ ಕೇಳಲಿಲ್ಲ. ನೀನು ಹದಿನಾರು ದಿನ ಮಾತು ಬಿಟ್ಟದ್ದು ನನ್ನ ಪತ್ರದಿಂದ.

ಅವಳು ನನಗೆ ಬರೆದ ಕಾಗದವನ್ನು ಇದರ ಜೊತೆ ಇಡಬೇಕೆಂದಿದ್ದೆ. ಬನಶಂಕರಿ ಬೇಡ ಅಂದಳು. ನಾವೇ ತಂದು ನಿನ್ನ ಕೈಗೆ ಕೊಡುತ್ತೇವೆ, ಓದುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು.

ಇವತ್ತು ಅದೇ ರೈಟರ ಹತ್ತಿರ ಮತ್ತೆ ಹೋದೆವು, ಇವಳೂ ಬಂದಿದ್ದಳು. ಆ ಷರತ್ತನ್ನೇ ರದ್ದು ಮಾಡಿ ಬರೆಯಿರಿ ಅಂದೆ. "ಕಾರಣ?" ಅಂದ. ಮಗು ಹೋಯಿತು ಅಂದೆ. "ಹೆಸರು ಹೇಳಿ" ಅಂದ. ಸುವರ್ಣಮ್ಮ ಅಂದೆ, ಬರೆದುಕೊಂಡ. ಆಗ ಬನಶಂಕರಿ, "ಇನ್ನೊಂದೂ ಬರೀರಿ" ಅಂದಳು. "ಅದರ ಹೆಸರೇನಮ್ಮ?" ಅಂತ ಕೇಳಿದ. "ಒಂದೇ ದಿನ ಇತ್ತು ಸ್ವಾಮಿ. ಹೆಸರು ಇಟ್ಟಿರ್ಲಿಲ್ಲ" ಅಂದಳು. ಅವನು ಮೊದಲು ಬರೆದದ್ದನ್ನು ಹೊಡೆದುಹಾಕಿ, "ಉಭಯತ್ರರ ಇಬ್ಬರು ಹೆಣ್ಣುಮಕ್ಕಳು ತೀರಿಹೋದ ಕಾರಣ" ಅಂತ ಬರೆದ.

ನಾನು ರುಜು ಹಾಕಿದ್ದೇನೆ. ನಿನ್ನದೂ ಬೀಳದೆ ರದ್ದಾಗುವುದಿಲ್ಲವಂತೆ, ಕೆಳಗೆ ಜಾಗ ಬಿಡಿಸಿದ್ದೇನೆ. ಶನಿವಾರದ ಬಸ್ಸಿಗೆ ಇಬ್ಬರೂ ಬರುತ್ತೇವೆ. ಅಲ್ಲಿಯ ತನಕ ಆಂಜಿನಪ್ಪನಿಗೆ ಗೋಡೆ ಮುಟ್ಟಬೇಡ ಅಂತ ಹೇಳು.

ನಿನ್ನ ತಮ್ಮ
ವೆಂಕಟೇಶ